ಚಿತ್ರ ಮಾತ್ರ ಮನೆಗೆ ಬರಲಿ

ಆಫೀಸಿನ ಮೇಜಿನಡಿಯ ಲಿನಕ್ಸ್ ಕಂಪ್ಯೂಟರಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದೆ. ಆದರೂ ಮನೆಯಿಂದ, ದೂರದ ಕಂಪ್ಯೂಟರಿನ ಪರದೆ ತೋರಿಸುವ ವಿಎನ್‌ಸಿ ಮೂಲಕ ಲಾಗಿನ್ ಆಗಿ ತ್ರಿಆಯಾಮದ ಮಾದರಿಯೊಂದನ್ನು ತಿರುಗಿಸಹೋದರೆ ಅದು ತಡೆತಡೆದು ತಿರುಗುತ್ತಿತ್ತು. ಇಂಟರ್ನೆಟ್ಟಿನದೇ ತಪ್ಪು ಅಂದುಕೊಂಡಿದ್ದೆ. ಟರ್ಮಿನಲ್‌ನಲ್ಲಿ ಚಿತ್ರ ಬಿಡಿಸುತ್ತಿರುವುದು ಯಾರೆಂದು ತಿಳಿಸುವ ‘ಜಿಎಲ್‌ಎಕ್ಸ್‌ಇನ್ಫೋ’ ಆಜ್ಞೆ ಕೊಟ್ಟು ನೋಡಿದರೆ, ‘ರೆಂಡರರ್’ ಸಾಲಿನಲ್ಲಿ ಕಾರ್ಡಿನ ಹೆಸರಿರಬೇಕಾದ ಕಡೆ ‘ಎಲ್‌ಎಲ್‌ವಿಎಂಪೈಪ್’ ಎಂದಿತ್ತು. ಅಂದರೆ ಕಾರ್ಡ್ ಸುಮ್ಮನೆ ಕೂತಿದೆ, ಅದರ ಕೆಲಸವನ್ನೆಲ್ಲ ಸಿಪಿಯು ಹೊತ್ತು ಏದುಸಿರು ಬಿಡುತ್ತಿದೆ!

ವಿಎನ್‌ಸಿ ತೋರಿಸುವ ಪರದೆ ಮೆಮೊರಿಯಲ್ಲಿ ಸೃಷ್ಟಿಯಾದದ್ದು. ಕಾರ್ಡಿಗೂ ಅದಕ್ಕೂ ನಂಟಿಲ್ಲ. ಹಾಗಾದರೆ ‘ಇಲ್ಲಿ ಗೆರೆ ಎಳೆ, ಅಲ್ಲಿ ಬಣ್ಣ ತುಂಬು’ ಎಂಬ ಆಜ್ಞೆಗಳನ್ನೇ ಮನೆಗೆ ಕಳಿಸಬಹುದಲ್ಲ? 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಮಾಡಿದ್ದು ಅದನ್ನೇ. ಅಕ್ಷರ, ಗೆರೆಗಳಿಗೆ ಅದು ಸಾಕು. ಲಕ್ಷಾಂತರ ತ್ರಿಕೋನಗಳ ಮಾದರಿಗೆ ಸಾಲದು. ಅದೂ ಅಲ್ಲದೆ, ಆಗ ಚಿತ್ರ ಬಿಡಿಸುವ ಹೊರೆ ಮನೆಯ ಲ್ಯಾಪ್‌ಟಾಪಿನ ತಲೆಗೇ ಬರುತ್ತದೆ.

ತೈಲ ಹುಡುಕುವವರ ಭೂಗರ್ಭ ಮಾದರಿಗಳನ್ನು ದೂರದಿಂದ ನೋಡಲೆಂದು ರೂಪುಗೊಂಡ ‘ವರ್ಚುವಲ್‌ಜಿಎಲ್’ ಇದಕ್ಕೆ ಸೊಗಸಾದ ದಾರಿ ಕಂಡುಕೊಂಡಿತು. ತಂತ್ರಾಂಶ ಮತ್ತು ಗ್ರಾಫಿಕ್ಸ್ ಲೈಬ್ರರಿಯ ನಡುವೆ ಅದು ನಿಂತು, ಆಜ್ಞೆಗಳನ್ನು ಕಾರ್ಡಿನತ್ತ ತಿರುಗಿಸುತ್ತದೆ. ಕಾರ್ಡ್ ಕಣ್ಣಿಗೆ ಕಾಣದ ಜಾಗದಲ್ಲಿ ಬಿಡಿಸಿದ ಚಿತ್ರವನ್ನು ಓದಿ ತಂದು ವಿಎನ್‌ಸಿ ಪರದೆಗೆ ಅಂಟಿಸುತ್ತದೆ. ಇಷ್ಟೆಲ್ಲ ನಡೆದದ್ದು ತಂತ್ರಾಂಶಕ್ಕೆ ಗೊತ್ತೇ ಆಗುವುದಿಲ್ಲ. ನನಗೆ ಬಹಳ ಹಿಡಿಸಿದ್ದು ಇದೇ.

ಚಿತ್ರವೂ ಹಗುರವಲ್ಲ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು, ಚುಕ್ಕೆಗೆ 3 ಬೈಟ್. ಸೆಕೆಂಡಿಗೆ 30 ಚಿತ್ರವೆಂದರೆ ಸುಮಾರು 1.5 ಗಿಗಾಬಿಟ್. ಆದ್ದರಿಂದಲೇ ‘ಟರ್ಬೋವಿಎನ್‌ಸಿ’ಯಂಥ ತಂತ್ರಾಂಶಗಳು ಪ್ರತಿ ಚಿತ್ರದಲ್ಲಿ ಬದಲಾದ ಭಾಗಗಳನ್ನಷ್ಟೇ, ಹೆಚ್ಚಾಗಿ ಜೆಪಿಇಜಿಯಾಗಿ ಕುಗ್ಗಿಸಿ, ಕಳಿಸುತ್ತವೆ. ದೂರದ ಚಿಂತೆ ಬೇಡ: ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಂಪ್ಯೂಟರ್ ಮುಟ್ಟಲು ಬೆಳಕಿಗೆ ಎರಡು ಮಿಲಿಸೆಕೆಂಡಿನ ಆಸುಪಾಸು ಸಾಕು. ಹೆಚ್ಚು ಹೊತ್ತು ತಿನ್ನುವುದು ಚಿತ್ರ ಕುಗ್ಗಿಸುವ ಕೆಲಸ, ಮನೆಯ ದುರ್ಬಲ ವೈಫೈ.

ಒಂದು ಎಚ್ಚರ: ವಿಎನ್‌ಸಿಯ ಬಾಗಿಲನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ. ಆಫೀಸಿನ ಸಿಸ್ಟಂ ನೋಡಿಕೊಳ್ಳುವವರನ್ನು ಕೇಳಿ, ಎಸ್‌ಎಸ್‌ಎಚ್ ಸುರಂಗದೊಳಗಿಂದಲೇ ಹೋಗಿ.

ಎಲ್ಲ ಹೊಂದಿಸಿದ ಮೇಲೆ ಅದೇ ‘ಜಿಎಲ್‌ಎಕ್ಸ್‌ಇನ್ಫೋ’ ಆಜ್ಞೆಯ ಮುಂದೆ ವರ್ಚುವಲ್‌ಜಿಎಲ್‌ನ ‘ವಿಜಿಎಲ್‌ರನ್’ ಸೇರಿಸಿ ಮತ್ತೆ ಕೊಟ್ಟೆ. ‘ರೆಂಡರರ್’ ಸಾಲಿನಲ್ಲಿ ಈ ಸಲ ಕಾರ್ಡಿನ ಹೆಸರೇ ಇತ್ತು.