ಒಂದು ಉಂಗುರ, ಹಲವು ಓದುಗರು



ಇಂದಿನ ಉಪನ್ಯಾಸಕ್ಕೆ ನಮ್ಮನ್ನು ಆಹ್ವಾನಿಸಿದಾಗ ಕಾರ್ಯದರ್ಶಿಗಳು ನಾವು ಕುಮಾರವ್ಯಾಸನನ್ನೋ ಕುವೆಂಪು ಅವರನ್ನೋ ಕುರಿತು ಮಾತನಾಡುವೆವೆಂದು ನಿರೀಕ್ಷಿಸಿದ್ದರು. ನಾವು ಆರಿಸಿಕೊಂಡದ್ದು ಇಂಗ್ಲಿಷಿನ ಒಂದು ಗ್ರಂಥವನ್ನು. ಇದಕ್ಕೆ ಕಾರಣವಿದೆ. ಬರ್ಮಿಂಗ್‌ಹ್ಯಾಮಿನ ಸುತ್ತಮುತ್ತ ನೆಲಸಿರುವ ನಾವು ಏಳೆಂಟು ಕುಟುಂಬಗಳು ಒಂದು ಚಳಿಗಾಲ ಪೂರ್ತಿ ಭಾನುವಾರ ಸಂಜೆಗಳಲ್ಲಿ ಒಂದೆಡೆ ಸೇರಿ ಜೆ. ಆರ್. ಆರ್. ಟೋಲ್ಕಿನ್ ಅವರ 'ದ ಲಾರ್ಡ್ ಆಫ್ ದ ರಿಂಗ್ಸ್' ಗ್ರಂಥವನ್ನು ಓದಿದೆವು. ಮಕ್ಕಳ ಒತ್ತಾಯದಿಂದ ಆರಂಭವಾದ ಓದು, ಹಿರಿಯರ ಜಗಳದಲ್ಲಿ ಬೆಳೆಯಿತು. ಜಗಳ ಎಂದೆವಲ್ಲ, ಅದು ಉತ್ಪ್ರೇಕ್ಷೆಯಲ್ಲ. ಊಟಕ್ಕೆ ಕುಳಿತ ಮೇಲೂ ಅದು ನಿಲ್ಲುತ್ತಿರಲಿಲ್ಲ. ಆಮೇಲೆ ವಿಚಾರಿಸಿದರೆ, ಈ ಗ್ರಂಥ ಪ್ರಕಟವಾದ ದಿನದಿಂದಲೂ ಓದುಗರು ಇದರ ವಿಷಯದಲ್ಲಿ ಹೀಗೆಯೇ ಎರಡು ಪಂಗಡಗಳಾಗಿ ನಿಂತಿದ್ದಾರೆಂದು ತಿಳಿಯಿತು. ಆ ಭಿನ್ನಾಭಿಪ್ರಾಯದ ಕಥೆಯನ್ನೇ ಇಂದು ನಿಮ್ಮ ಮುಂದಿಡಬೇಕೆಂದು ಬಂದಿದ್ದೇವೆ.

ಈ ಕಥೆಯ ನೆಲ ನಮಗೆ ತೀರ ಪರಕೀಯವೇನಲ್ಲ. ಟೋಲ್ಕಿನ್ ಹುಟ್ಟಿದ್ದು 1892ರಲ್ಲಿ, ಇಂದಿನ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್ ನಗರದಲ್ಲಿ. ಮೂರು ವರ್ಷದ ಮಗುವಾಗಿ ತಾಯಿಯೊಡನೆ ಇಂಗ್ಲೆಂಡಿಗೆ ಬಂದರು. ಅಲ್ಲಿಯೇ ಉಳಿದಿದ್ದ ತಂದೆ ಮತ್ತೆ ಮಗನನ್ನು ನೋಡಲಿಲ್ಲ, ತೀರಿಕೊಂಡರು. 1896ರಿಂದ 1900ರವರೆಗೆ ತಾಯಿ ಮಕ್ಕಳು ವಾಸವಾಗಿದ್ದುದು ಆಗ ಹಳ್ಳಿಯಾಗಿದ್ದ ಸೇರ್‌ಹೋಲ್‌ನಲ್ಲಿ. ಅಲ್ಲಿಯ ಹಿಟ್ಟಿನ ಗಿರಣಿ, ಕೊಳ, ಮರಗಳು ಮುಂದೆ ಕಥೆಯಲ್ಲಿ 'ಶೈರ್' ಎಂಬ ಹಸುರು ನಾಡಾದವು. ಆ ಗಿರಣಿ ಈಗ ವಸ್ತುಸಂಗ್ರಹಾಲಯ. ಸ್ಪಾರ್ಕ್‌ಹಿಲ್ಲಿನ ಸೀರೆ ಅಂಗಡಿ, ಮಿಠಾಯಿ ಅಂಗಡಿಗಳಿಂದ ಅದು ಬಹಳ ದೂರವೇನೂ ಇಲ್ಲ. ನಮ್ಮಲ್ಲಿ ಕೆಲವರು ಅಲ್ಲಿ ವರ್ಷಗಟ್ಟಲೆ ಅಕ್ಕಿ ಬೇಳೆ ಕೊಂಡಿದ್ದರೂ ಗಿರಣಿಯನ್ನು ಕಂಡದ್ದು ಈ ಓದಿನ ಅನಂತರವೇ.

ಗ್ರಂಥವನ್ನು ಓದದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಸೌರಾನ್ ಎಂಬ ದುಷ್ಟಶಕ್ತಿ ತನ್ನ ಬಲದ ಬಹುಭಾಗವನ್ನು ಒಂದು ಉಂಗುರದಲ್ಲಿ ಎರೆದು, ಆ ಉಂಗುರವನ್ನು ಕಳೆದುಕೊಂಡಿದ್ದಾನೆ. ಅದು ಹಾಬಿಟ್ ಎಂಬ ಗಿಡ್ಡ ಜನರಲ್ಲಿ ಒಬ್ಬನಾದ ಫ್ರೋಡೊವಿನ ಕೈಗೆ ಬರುತ್ತದೆ. ಆ ಉಂಗುರದಿಂದ ಒಳ್ಳೆಯದನ್ನು ಮಾಡಹೊರಟವನೂ ಕೆಡುತ್ತಾನೆ. ಆದ್ದರಿಂದ ಅದನ್ನು ಬಳಸುವಂತಿಲ್ಲ. ಅದು ಹುಟ್ಟಿದ ಅಗ್ನಿಪರ್ವತಕ್ಕೇ ಒಯ್ದು ಎಸೆಯಬೇಕು. ಫ್ರೋಡೊ, ಅವನ ತೋಟದಾಳು ಸ್ಯಾಮ್ ಹೊರಡುತ್ತಾರೆ. ಹಿಂದೆ ಉಂಗುರವನ್ನು ಇಟ್ಟುಕೊಂಡಿದ್ದು ಅದರ ಆಸೆಯಿಂದ ಒಳಗೇ ಸವೆದುಹೋದ ಗೊಲ್ಲಮ್ ಎಂಬ ಜೀವಿ ಅವರ ಬೆನ್ನು ಹತ್ತುತ್ತದೆ.

ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕರು. ಇದನ್ನು ಬರೆಯಲು 1937ರಿಂದ 1949ರವರೆಗೆ ಹನ್ನೆರಡು ವರ್ಷ ಹಿಡಿಯಿತು. ಅವರ ಮಟ್ಟಿಗೆ ಇದು ಒಂದೇ ಕೃತಿ. ಯುದ್ಧಾನಂತರ ಕಾಗದದ ಬೆಲೆ ಏರಿದ್ದರಿಂದ ಪ್ರಕಾಶಕರು 1954, 1955ರಲ್ಲಿ ಮೂರು ಸಂಪುಟಗಳಾಗಿ ಹೊರತಂದರು. ಹಸ್ತಪ್ರತಿಯನ್ನು ಮೆಚ್ಚಿದವರು ಪ್ರಕಾಶಕರ ಮಗ ರೇನರ್ ಅನ್ವಿನ್. ಇದೇ ರೇನರ್ ಹತ್ತು ವರ್ಷದ ಬಾಲಕನಾಗಿದ್ದಾಗ ಒಂದು ಶಿಲ್ಲಿಂಗ್ ಸಂಭಾವನೆ ಪಡೆದು, ಟೋಲ್ಕಿನ್ನರ ಮೊದಲ ಕಥೆ 'ದ ಹಾಬಿಟ್' ಪ್ರಕಟಣೆಗೆ ಯೋಗ್ಯವೆಂದು ಶಿಫಾರಸು ಬರೆದುಕೊಟ್ಟಿದ್ದರು. ಈ ಸಲ ಅವರು ತಂದೆಗೆ ಎಚ್ಚರಿಕೆಯನ್ನೂ ಕೊಟ್ಟರು: ಇದರಿಂದ ಸಾವಿರ ಪೌಂಡು ನಷ್ಟವಾಗಬಹುದು. ತಂದೆ ಒಪ್ಪಿದರು. ನಷ್ಟವಾಗಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಇನ್ನು ವಿಮರ್ಶಕರ ಮಾತು. ಸಿ. ಎಸ್. ಲೂಯಿಸ್ ಮುಕ್ತಕಂಠದಿಂದ ಹೊಗಳಿದರು. ಆದರೆ ಅವರು ಲೇಖಕರ ಆಪ್ತಮಿತ್ರರು, ಆ ಹೊಗಳಿಕೆಯಲ್ಲಿ ಸ್ವಲ್ಪ ಭಾಗವನ್ನು ಸ್ನೇಹದ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಕವಿ ಡಬ್ಲ್ಯು. ಎಚ್. ಆಡನ್ ವಿದ್ಯಾರ್ಥಿಯಾಗಿದ್ದಾಗ ಟೋಲ್ಕಿನ್ನರ ಉಪನ್ಯಾಸಗಳನ್ನು ಕೇಳಿದವರು. ಅವರು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಎರಡು ಬಾರಿ ಬರೆದು ಮೆಚ್ಚಿದರಲ್ಲದೆ, ಈ ಗ್ರಂಥದ ಬಗೆಗೆ ಮಧ್ಯಮ ಅಭಿಪ್ರಾಯವಿರುವವರೇ ಸಿಗುವುದಿಲ್ಲವೆಂದು 1956ರಲ್ಲಿಯೇ ಗುರುತಿಸಿದರು. ಕಾಫ್ಕಾನನ್ನು ಇಂಗ್ಲಿಷಿಗೆ ತಂದ ಕವಿ ಎಡ್ವಿನ್ ಮ್ಯೂರ್ 'ಅಬ್ಸರ್ವರ್' ಪತ್ರಿಕೆಯಲ್ಲಿ ಎತ್ತಿದ ಆಕ್ಷೇಪ ಗಂಭೀರವಾದದ್ದು: ಇಲ್ಲಿ ಒಳ್ಳೆಯವರು ಕೊನೆಯವರೆಗೆ ಒಳ್ಳೆಯವರು, ಕೆಟ್ಟವರು ಕೆಟ್ಟವರೇ, ಪಾತ್ರಗಳೆಲ್ಲ ವೀರರ ವೇಷ ತೊಟ್ಟ ಹುಡುಗರು.

ಎಲ್ಲಕ್ಕಿಂತ ಕಟುವಾದುದು ಅಮೆರಿಕದ ಎಡ್ಮಂಡ್ ವಿಲ್ಸನ್ 1956ರ ಏಪ್ರಿಲಿನಲ್ಲಿ 'ದ ನೇಷನ್' ಪತ್ರಿಕೆಗೆ ಬರೆದ ವಿಮರ್ಶೆ. ಮಕ್ಕಳ ಕಥೆಯೊಂದು ಕೈಮೀರಿ ಬೆಳೆದುಬಿಟ್ಟಿದೆ, ಇದು ಭಾಷಾಪಂಡಿತನ ಚಪಲ, ದೊಡ್ಡವರು ಇದಕ್ಕೆ ಮರುಳಾಗುವುದು ಅವರೊಳಗಿನ ಬಾಲಿಶತನದಿಂದ ಎಂಬುದು ಅವರ ತೀರ್ಪಿನ ಸಾರಾಂಶ. ಆದರೆ ಅದೇ ಲೇಖನದಲ್ಲಿ ವಿಲ್ಸನ್ ಒಂದು ಸಂಗತಿಯನ್ನು ಒಪ್ಪಿಕೊಂಡಿದ್ದಾರೆ: ಇಡೀ ಗ್ರಂಥವನ್ನು ಅವರು ತಮ್ಮ ಏಳು ವರ್ಷದ ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದ್ದರು. ಸಾವಿರ ಪುಟ! ತಂದೆಗೆ ಬೇಸರ ಬಂದಿತೆಂಬುದು ಜಗತ್ತಿಗೆಲ್ಲ ಗೊತ್ತಾಯಿತು. ಕೊನೆಯ ಪುಟದವರೆಗೆ ಕೇಳುತ್ತ ಕುಳಿತ ಆ ಮಗುವಿನ ವಿಮರ್ಶೆಯನ್ನೂ ಪತ್ರಿಕೆ ಅಚ್ಚುಹಾಕಬೇಕಿತ್ತೆಂದು ನಮ್ಮ ಬಳಗದ ತಾಯಂದಿರ ಅಭಿಪ್ರಾಯ.

ಒಂದೇ ಗ್ರಂಥವನ್ನು ಕುರಿತು ಪಂಡಿತರು ಇಷ್ಟು ದೂರ ದೂರ ನಿಂತದ್ದೇಕೆ? ಅವರು ಹಿಡಿದ ಅಳತೆಗೋಲು ಬೇರೆ ಎಂಬುದು ನಮಗೆ ತೋರಿದ ಮೊದಲ ಉತ್ತರ. ಕಾದಂಬರಿಯೆಂದು ಓದಿದವರಿಗೆ ಇಲ್ಲಿ ದೋಷಗಳೇ ಕಾಣುತ್ತವೆ. ಪಾತ್ರಗಳ ಮನಸ್ಸಿನ ಒಳಸುಳಿಗಳಿಲ್ಲ, ಪ್ರೇಮವಿದ್ದರೂ ಅದು ಅನುಬಂಧಕ್ಕೆ ಸರಿದಿದೆ. ಅಲ್ಲಲ್ಲಿ ಕಥೆ ನಿಂತುಹೋಗಿ ಹಾಡು, ವಂಶಾವಳಿ, ಬೆಟ್ಟ ಕಣಿವೆಗಳ ಬಣ್ಣನೆ ಬರುತ್ತದೆ. ನಮ್ಮ ಬಳಗದ ಯುವಕರಲ್ಲಿ ಅರ್ಧದಷ್ಟು ಮಂದಿ ಹಾಡುಗಳನ್ನು ಹಾರಿಸಿ ಓದಿದ್ದರು. ಆದರೆ ಊರಿನಲ್ಲಿ ಗಮಕ ಕೇಳಿ ಬೆಳೆದ ಹಿರಿಯರೊಬ್ಬರಿಗೆ ಇದಾವುದೂ ತೊಡಕಾಗಲಿಲ್ಲ. ಅಷ್ಟಾದಶ ವರ್ಣನೆಗಳಿಲ್ಲದೆ ಮಹಾಕಾವ್ಯವಿಲ್ಲ ಎಂಬ ಸಂಪ್ರದಾಯದಿಂದ ಬಂದವರು ಅವರು. "ನಗರ, ಪರ್ವತ, ಚಂದ್ರೋದಯ ಎಲ್ಲ ಇದೆ. ಕಥೆಗೆ ಅವಸರವೇನಪ್ಪ?" ಎಂದರು. ಟೋಲ್ಕಿನ್ನರೂ ಬೆಳೆದದ್ದು 'ಬಿಯೊವುಲ್ಫ್'ನಂಥ ಹಳೆಯ ಕಾವ್ಯಗಳ ನಡುವೆಯೇ. ಹಾಗೆಂದು ಕಾವ್ಯವೆಂಬ ಹೆಸರು ಕೊಟ್ಟ ಮಾತ್ರಕ್ಕೆ ಎಲ್ಲ ದೋಷವೂ ತೊಳೆದುಹೋಗುವುದಿಲ್ಲ. ಹೆಂಗಸರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಕತ್ತಿ ಹಿಡಿದು ನಿಂತ ಇಯೊವಿನ್ ಒಬ್ಬಳೇ ಮನಸ್ಸಿನಲ್ಲಿ ಉಳಿಯುತ್ತಾಳೆ.

1961ರಲ್ಲಿ ವಿಮರ್ಶಕ ಫಿಲಿಪ್ ಟಾಯ್ನ್‌ಬೀ ಈ ಗ್ರಂಥಗಳು ಮರೆಯಾಗಿಹೋದವೆಂದು ನೆಮ್ಮದಿಯಿಂದ ಘೋಷಿಸಿದರು. ನಾಲ್ಕೇ ವರ್ಷದಲ್ಲಿ ಅಮೆರಿಕದಲ್ಲಿ ಅಗ್ಗದ ಮುದ್ರಣಗಳು ಬಂದು ವಿದ್ಯಾರ್ಥಿಗಳ ಕೈಯಲ್ಲೆಲ್ಲ ಇದೇ ಆಯಿತು. 1978ರಲ್ಲಿ ಕಾದಂಬರಿಕಾರ ಮೈಕೆಲ್ ಮೂರ್ಕಾಕ್, ಇದು ಮಧ್ಯಮವರ್ಗವನ್ನು ಜೋಗುಳ ಹಾಡಿ ಮಲಗಿಸುವ ಸಾಹಿತ್ಯವೆಂದು ಹಳಿದರು. 1997ರಲ್ಲಿ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿಯೂ ಚಾನೆಲ್ ಫೋರ್ ದೂರದರ್ಶನವೂ ಸೇರಿ ನಡೆಸಿದ ಮತದಾನದಲ್ಲಿ 25,000ಕ್ಕೂ ಹೆಚ್ಚು ಓದುಗರು ಪಾಲ್ಗೊಂಡು ಇದನ್ನೇ ಶತಮಾನದ ಗ್ರಂಥವೆಂದು ಆರಿಸಿದರು. ಜರ್ಮೇನ್ ಗ್ರೀರ್ ಮೊದಲಾದವರು ತಲೆ ಚಚ್ಚಿಕೊಂಡರು. 2003ರಲ್ಲಿ ಬಿಬಿಸಿ ನಡೆಸಿದ ಮತದಾನದಲ್ಲಿಯೂ ಮೊದಲ ಸ್ಥಾನ ಇದಕ್ಕೇ. ಮತಗಳ ಎಣಿಕೆಯಿಂದ ಕಾವ್ಯದ ಬೆಲೆ ಕಟ್ಟಲಾಗದು, ನಿಜ. ಆದರೆ ಅಷ್ಟು ಜನ ಓದುಗರನ್ನು ಬಾಲಿಶರೆಂದು ತಳ್ಳಿಹಾಕುವುದೂ ವಿಮರ್ಶೆಯಲ್ಲ.

ಮ್ಯೂರ್ ಅವರ ಆಕ್ಷೇಪಕ್ಕೆ ಮತ್ತೆ ಬರೋಣ. ಒಳ್ಳೆಯವರು ಕೊನೆಯವರೆಗೆ ಒಳ್ಳೆಯವರೇ? ಅಗ್ನಿಪರ್ವತದ ಬಾಯಿಯಲ್ಲಿ ನಿಂತ ಫ್ರೋಡೊ ಉಂಗುರವನ್ನು ಎಸೆಯುವುದಿಲ್ಲ. ಇದು ನನ್ನದೆಂದು ಬೆರಳಿಗೆ ಹಾಕಿಕೊಳ್ಳುತ್ತಾನೆ. ಸಾವಿರ ಪುಟ ಹಸಿವು, ಗಾಯ, ಭಯಗಳನ್ನು ತಿಂದು ಬಂದ ನಾಯಕ ಕೊನೆಯ ಹೆಜ್ಜೆಯಲ್ಲಿ ಸೋಲುತ್ತಾನೆ. ಗೊಲ್ಲಮ್ ಅವನ ಬೆರಳನ್ನು ಕಚ್ಚಿ ಕಿತ್ತು, ಕುಣಿದು, ಕಾಲುಜಾರಿ ಉಂಗುರದೊಡನೆ ಬೆಂಕಿಗೆ ಬೀಳುತ್ತಾನೆ. ಆ ಗೊಲ್ಲಮ್ ಅಲ್ಲಿಯವರೆಗೆ ಬದುಕಿ ಉಳಿದದ್ದಾದರೂ ಹೇಗೆ? ಕೊಲ್ಲುವ ಅವಕಾಶವಿದ್ದೂ ಮೊದಲು ಬಿಲ್ಬೊ, ಆಮೇಲೆ ಫ್ರೋಡೊ, ಕೊನೆಗೆ ಸ್ಯಾಮ್ ಕರುಣೆಯಿಂದ ಬಿಟ್ಟದ್ದರಿಂದ. ಲೋಕ ಉಳಿದದ್ದು ಯಾರ ಪರಾಕ್ರಮದಿಂದಲೂ ಅಲ್ಲ. ಫ್ರೋಡೊವನ್ನು ಗೌರವಿಸುವ ಬದಲು ದ್ರೋಹಿಯೆಂದು ಕೊಲ್ಲಬೇಕಾಗಿತ್ತೆಂದು ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದರಂತೆ. ಟೋಲ್ಕಿನ್ ತಮ್ಮ ಪತ್ರವೊಂದರಲ್ಲಿ ಇದನ್ನು ನೆನೆದಿದ್ದಾರೆ. ಫ್ರೋಡೊ ಸೋತದ್ದು ನಿಜವೆಂದು ಅವರು ಒಪ್ಪುತ್ತಾರೆ. ಆದರೆ ಯಾರಿಂದಲೂ ಹೊರಲಾಗದ ಭಾರದ ಕೆಳಗೆ ಮುರಿದವನನ್ನು ಪಾಪಿಯೆನ್ನಲು ಒಪ್ಪುವುದಿಲ್ಲ. ಈ ಅಧ್ಯಾಯವನ್ನು ಎದುರಿಗಿಟ್ಟುಕೊಂಡು ಮ್ಯೂರ್ ಅವರ ಮಾತನ್ನು ಪೂರ್ತಿ ಒಪ್ಪುವುದು ನಮಗೆ ಸಾಧ್ಯವಾಗಲಿಲ್ಲ.

ಇಷ್ಟರಲ್ಲಿ ನಮ್ಮ ಬಳಗದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಬೇರೊಂದು ಪ್ರಶ್ನೆಯನ್ನೆತ್ತಿದಳು. ಹಿಂದಿನ ವರ್ಷವಷ್ಟೇ ಮೈಸೂರಿಗೆ ಹೋಗಿ ದಸರೆಯ ಅಂಬಾರಿಯನ್ನು ಕಂಡುಬಂದಿದ್ದ ಹುಡುಗಿ. ಕಥೆಯಲ್ಲಿ ಹರಾದ್ ಎಂಬುದು ದಕ್ಷಿಣದ ಬಿಸಿಲು ನಾಡು. ಅಲ್ಲಿಯ ಜನ ಕಂದುಬಣ್ಣದವರು, ಕಪ್ಪು ಕೂದಲಿನವರು, ಚಿನ್ನ ತೊಡುವವರು. ದೊಡ್ಡ ಆನೆಗಳ ಮೇಲೆ ಅಂಬಾರಿ ಕಟ್ಟಿ ಯುದ್ಧಕ್ಕೆ ಬರುತ್ತಾರೆ, ಸೌರಾನನ ಪರವಾಗಿ. "ಆನೆ ಇರೋದೆಲ್ಲ ಕೆಟ್ಟವರ ಕಡೆ. ಹಾಗಾದರೆ ನಾವು ಯಾರ ಕಡೆ, ಅಪ್ಪ?" ಎಂದಳು. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಈ ದೇಶದ ಶಾಲೆಯ ಆಟದ ಬಯಲಿನಲ್ಲಿ ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೇಳಿಸಿಕೊಂಡ ಮಕ್ಕಳು ಅಲ್ಲಿ ಒಬ್ಬಿಬ್ಬರಲ್ಲ.

ಲೇಖಕರ ಪರವಾಗಿ ಹೇಳಬಹುದಾದದ್ದನ್ನು ನಾವು ಹೇಳಿದೆವು. 1938ರಲ್ಲಿ 'ದ ಹಾಬಿಟ್' ಅನುವಾದಕ್ಕೆ ಮುಂದಾದ ಜರ್ಮನ್ ಪ್ರಕಾಶಕರು, ತಾವು ಆರ್ಯ ಮೂಲದವರೇ ಎಂದು ಕೇಳಿದಾಗ ಟೋಲ್ಕಿನ್ ಸಿಡಿದೆದ್ದರು. ಅವರು ಬರೆದಿಟ್ಟ ಉತ್ತರದ ಒಂದು ಕರಡಿನಲ್ಲಿ, ಆರ್ಯ ಎಂಬ ಮಾತು ಇಂಡೋ-ಇರಾನಿಯನ್ ಜನಕ್ಕೆ ಸಲ್ಲತಕ್ಕದ್ದೆಂದೂ, ತಮ್ಮ ಪೂರ್ವಿಕರಲ್ಲಿ ಹಿಂದೂಸ್ತಾನಿಯನ್ನೋ ಪರ್ಷಿಯನ್ನನ್ನೋ ಆಡಿದವರು ಯಾರೂ ಇಲ್ಲವೆಂದೂ ಕುಟುಕಿ, ಯೆಹೂದ್ಯ ಪೂರ್ವಿಕರಿಲ್ಲವೆಂಬುದಕ್ಕೆ ವಿಷಾದ ಸೂಚಿಸಿದರು. ಗ್ರಂಥದೊಳಗೂ ಒಂದು ಜಾಗವಿದೆ. ಹರಾದಿನ ಸೈನಿಕನೊಬ್ಬ ಬಾಣ ತಾಗಿ ಸ್ಯಾಮ್‌ನ ಕಣ್ಣೆದುರಿಗೇ ಬಿದ್ದು ಸಾಯುತ್ತಾನೆ. ಇವನ ಹೆಸರೇನಿದ್ದಿತು, ಇವನು ನಿಜವಾಗಿ ಕೆಟ್ಟವನೇ, ಅಥವಾ ಯಾರ ಸುಳ್ಳಿಗೋ ಬೆದರಿಕೆಗೋ ಸಿಕ್ಕಿ ಮನೆಬಿಟ್ಟು ಇಷ್ಟು ದೂರ ಬಂದನೇ ಎಂದು ಸ್ಯಾಮ್ ಯೋಚಿಸುತ್ತಾನೆ. 1916ರ ಸೋಮ್ ಯುದ್ಧಭೂಮಿಯನ್ನು ಕಂಡ ಸೈನಿಕನ ಕಣ್ಣು ಅಲ್ಲಿದೆ.

ಹುಡುಗಿ ಆ ಪುಟವನ್ನು ಎರಡು ಸಲ ಓದಿದಳು. "ಚೆನ್ನಾಗಿದೆ, ಆದರೆ ಅವನು ಆಗಲೇ ಸತ್ತಿದ್ದಾನಲ್ಲ" ಎಂದಳು. ನಮ್ಮಲ್ಲಿ ಯಾರಿಗೂ ಅದಕ್ಕೆ ಉತ್ತರ ತೋಚಲಿಲ್ಲ. ನಿಜವೇ, ಇಡೀ ಗ್ರಂಥದಲ್ಲಿ ಹರಾದಿನವನೊಬ್ಬನೂ ತನ್ನ ಹೆಸರು ಹೇಳಿಕೊಂಡು ನಾಲ್ಕು ಮಾತು ಆಡುವುದಿಲ್ಲ. ಟೋಲ್ಕಿನ್ನರು ದ್ವೇಷದಿಂದ ಹೀಗೆ ಬರೆದರೆಂದು ನಾವು ನಂಬುವುದಿಲ್ಲ. ಆದರೆ ಗೊಲ್ಲಮ್‌ನಂಥವನ ಮೇಲೂ ಹರಿದ ಅವರ ಕರುಣೆ ದಕ್ಷಿಣದ ಜನಕ್ಕೆ ಒಂದೇ ಪ್ಯಾರಾದಲ್ಲಿ ಮುಗಿದುಹೋಯಿತೆಂಬ ಕೊರತೆಯನ್ನು ಮುಚ್ಚಿಡುವುದು ನಮ್ಮಿಂದಾಗದು. ಗ್ರಂಥವನ್ನು ಪ್ರೀತಿಸುವವರು ಇದನ್ನು ಕೇಳಿ ಸಿಟ್ಟಾಗಬೇಕಿಲ್ಲ. ಹೀಗೆ ಕೇಳಿದ ಹುಡುಗಿ ಮೂರು ಸಂಪುಟವನ್ನೂ ಎರಡನೆಯ ಬಾರಿ ಓದುತ್ತಿದ್ದವಳು.

ಕೊನೆಯ ಜಗಳ ಕೊನೆಯ ಅಧ್ಯಾಯಗಳದು. ಯುದ್ಧ ಮುಗಿಸಿ ಹಾಬಿಟ್ಟರು ಮನೆಗೆ ಬಂದರೆ ಶೈರ್ ಕೆಟ್ಟುಹೋಗಿರುತ್ತದೆ: ಸಾಲುಮರಗಳನ್ನು ಕಡಿದಿದ್ದಾರೆ, ಹಳೆಯ ಗಿರಣಿಯ ಜಾಗದಲ್ಲಿ ಹೊಗೆ ಕಾರುವ ದೊಡ್ಡ ಗಿರಣಿ ಎದ್ದಿದೆ. 2001ರಿಂದ 2003ರವರೆಗೆ ಬಂದ ಚಲನಚಿತ್ರಗಳಲ್ಲಿ ಈ ಭಾಗವನ್ನೇ ಕೈಬಿಟ್ಟರು. ನಮ್ಮ ಬಳಗದ ಮಕ್ಕಳು, ಬಿಟ್ಟದ್ದೇ ಸರಿ, ಉಂಗುರ ಸುಟ್ಟ ಮೇಲೆ ಇನ್ನೇನಿದೆ ಎಂದರು. ಹಿರಿಯರಿಗೆ ಗ್ರಂಥವೆಂದರೆ ಅದೇ ಭಾಗ. ಹತ್ತು ಹನ್ನೆರಡು ವರ್ಷದ ಮೇಲೆ ಊರಿಗೆ ಹೋಗಿ, ಈಜು ಕಲಿತ ಕೆರೆಯನ್ನು ಹುಡುಕಿ, ಅಲ್ಲಿ ಬಡಾವಣೆಯ ನಾಮಫಲಕವನ್ನು ಕಂಡವರು ಅವರು. ಊರನ್ನು ಸರಿಪಡಿಸಿದ ಮೇಲೂ ಫ್ರೋಡೊಗೆ ಅಲ್ಲಿ ಬಾಳಲಾಗುವುದಿಲ್ಲ. ಗಾಯ ಮಾಯುವುದಿಲ್ಲ, ಹಡಗು ಹತ್ತಿ ಹೋಗಿಬಿಡುತ್ತಾನೆ. ಗಮಕ ಕೇಳಿ ಬೆಳೆದ ನಮ್ಮ ಹಿರಿಯರು ಅಲ್ಲಿ ಓದು ನಿಲ್ಲಿಸಿ ಕನ್ನಡಕ ತೆಗೆದರು.

ಮುಂದಿನ ಅರ್ಧ ಪುಟವನ್ನು ಆ ಹುಡುಗಿಯೇ ಓದಿದಳು. ಫ್ರೋಡೊವನ್ನು ಕಳುಹಿಸಿಕೊಟ್ಟು ಸ್ಯಾಮ್ ಮನೆಗೆ ಮರಳುತ್ತಾನೆ. ದೀಪ ಹಚ್ಚಿದೆ, ಊಟ ಸಿದ್ಧವಾಗಿದೆ; ಹೆಂಡತಿ ಮಗುವನ್ನು ತಂದು ಅವನ ತೊಡೆಯ ಮೇಲೆ ಕೂರಿಸುತ್ತಾಳೆ. ಫ್ರೋಡೊವಿನ ಕಥೆ ತಾತನದು, ಸ್ಯಾಮ್‌ನ ಕಥೆ ತನ್ನದು ಎಂದಳು ಹುಡುಗಿ. ಅವಳು ಹುಟ್ಟಿದ್ದು ಇಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ; ಸೇರ್‌ಹೋಲ್ ಗಿರಣಿ ಅವಳ ಮನೆಯಿಂದ ಎರಡು ಬಸ್ ನಿಲ್ದಾಣಗಳಾಚೆ.