ನಿಮಗಿದು ಗೊತ್ತೆ? ಅರವತ್ತರಲ್ಲಿ ಸಿಗರೇಟು ಬಿಟ್ಟರೂ ಆಯುಸ್ಸು ಹೆಚ್ಚುತ್ತದೆ

ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಗಟ್ಟಿಯಾಗಿ ತೋರಿಸಿಕೊಟ್ಟವರಲ್ಲಿ ಒಬ್ಬರಾದ ಬ್ರಿಟನ್ನಿನ ವೈದ್ಯ ರಿಚರ್ಡ್ ಡಾಲ್ ಸ್ವತಃ ಸಿಗರೇಟು ಸೇದುತ್ತಿದ್ದರು! ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಿಚಾರಿಸಲು ಹೊರಟಾಗ ಅವರಿಗೆ ಅನುಮಾನವಿದ್ದದ್ದು ರಸ್ತೆಗೆ ಹಾಕುವ ಡಾಂಬರಿನ ಮೇಲೆ. ಉತ್ತರಗಳು ಕೂಡುತ್ತಾ ಹೋದಂತೆ ನಿಜವಾದ ಅಪರಾಧಿ ಸಿಗರೇಟು ಎಂಬುದು ಸ್ಪಷ್ಟವಾಯಿತು. 1950ರಲ್ಲಿ ವರದಿ ಅಚ್ಚಾಗುವ ಮೊದಲೇ ಡಾಲ್ ವರ್ಷಗಳ ಚಟವನ್ನು ಬಿಟ್ಟರು. ಅವರು ತೀರಿಕೊಂಡದ್ದು 2005ರಲ್ಲಿ, 92ನೇ ವಯಸ್ಸಿನಲ್ಲಿ.

ಇನ್ನೂ ದೊಡ್ಡ ಸಾಕ್ಷ್ಯ ಸಿಕ್ಕಿದ್ದು ವೈದ್ಯರಿಂದಲೇ. 1951ರಲ್ಲಿ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಬ್ರಿಟನ್ನಿನ ವೈದ್ಯರಿಗೆ ಪತ್ರ ಬರೆದು ಅವರ ಧೂಮಪಾನದ ವಿವರ ಕೇಳಿದರು. 34 ಸಾವಿರಕ್ಕೂ ಹೆಚ್ಚು ಪುರುಷ ವೈದ್ಯರ ಬದುಕನ್ನು ಅರ್ಧ ಶತಮಾನ ಗಮನಿಸಿದ ಈ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಕೊನೆಯವರೆಗೂ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. ಆದರೆ 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9 ವರ್ಷ ಮರಳಿ ಸಿಕ್ಕಿತ್ತು. ‘ಇಷ್ಟು ವರ್ಷ ಸೇದಿಯಾಗಿದೆ, ಇನ್ನು ಬಿಟ್ಟು ಏನು ಪ್ರಯೋಜನ?’ ಎನ್ನುವ ನಮ್ಮ ಮನೆಯ ಹಿರಿಯರಿಗೆ ಈ ಲೆಕ್ಕವನ್ನು ತಪ್ಪದೆ ಹೇಳಬೇಕು.

ಬಿಟ್ಟ ಒಂದೆರಡು ದಿನಗಳಲ್ಲೇ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಸಹಜ ಮಟ್ಟಕ್ಕೆ ಇಳಿಯುತ್ತದೆ. ಮೊದಲ ಕೆಲವು ವಾರ ಸಿಡಿಮಿಡಿ, ನಿದ್ದೆಗೇಡು ನಿಜವಾಗಿಯೂ ಕಾಡುತ್ತವೆ. ಅದು ನಿಕೋಟಿನ್ ತಪ್ಪಿದ್ದರ ಪರಿಣಾಮ, ಮನಸ್ಸಿನ ದೌರ್ಬಲ್ಯವಲ್ಲ. ಬೀಡಿ, ಸಿಗರೇಟು, ಗುಟ್ಕಾ ಯಾವುದನ್ನೇ ಬಿಡಬೇಕೆಂದಿದ್ದರೂ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.