ಟ್ವೀಟ್ ಮಾಡಿದ ಮೂರೇ ದಿನಕ್ಕೆ ಭೂಕಂಪ! ಹಾಗಾದರೆ ಭೂಕಂಪವನ್ನು ಮೊದಲೇ ಹೇಳಬಹುದಾ?

ನವದೆಹಲಿ: 'ಇವತ್ತು ರಾತ್ರಿ ದೊಡ್ಡ ಭೂಕಂಪ ಆಗುತ್ತೆ, ಯಾರೂ ಮಲಗಬೇಡಿ'. ಎಲ್ಲಾದರೂ ನೆಲ ನಡುಗಿತು ಅಂದರೆ ಸಾಕು, ಇಂಥದ್ದೊಂದು ಮೆಸೇಜ್ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತದೆ. ಊರಲ್ಲಿರುವ ಅಪ್ಪ-ಅಮ್ಮ ಗಾಬರಿಯಿಂದ ಫೋನ್ ಮಾಡುತ್ತಾರೆ. ನಿಜಕ್ಕೂ ಯಾರಾದರೂ ಭೂಕಂಪವನ್ನು ಮೊದಲೇ ಹೇಳಬಲ್ಲರೇ? ಇಲ್ಲಿದೆ ವಿವರ.

ಆ ಟ್ವೀಟ್‌ನಲ್ಲಿ ಇದ್ದಿದ್ದೇನು?

2023ರ ಫೆಬ್ರವರಿ 3ರಂದು ನೆದರ್ಲೆಂಡ್ಸ್‌ನ ಫ್ರಾಂಕ್ ಹೂಗರ್‌ಬೀಟ್ಸ್ ಒಂದು ಟ್ವೀಟ್ ಮಾಡಿದ್ದರು. ಟರ್ಕಿ, ಸಿರಿಯಾ, ಜೋರ್ಡಾನ್, ಲೆಬನಾನ್ ಭಾಗದಲ್ಲಿ ಇಂದಲ್ಲ ನಾಳೆ ಸುಮಾರು 7.5 ತೀವ್ರತೆಯ ಭೂಕಂಪ ಆಗಲಿದೆ ಎಂಬುದು ಅದರ ಸಾರ. ಫೆಬ್ರವರಿ 6ರಂದು ಟರ್ಕಿಯಲ್ಲಿ 7.8 ತೀವ್ರತೆಯ ಭೂಕಂಪ ಆಗಿಯೇ ಬಿಟ್ಟಿತು. ಟರ್ಕಿ ಮತ್ತು ಸಿರಿಯಾದಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ಹೂಗರ್‌ಬೀಟ್ಸ್ ರಾತ್ರೋರಾತ್ರಿ ಫೇಮಸ್ ಆದರು.

ಆದರೆ ಟ್ವೀಟನ್ನು ಇನ್ನೊಮ್ಮೆ ಓದಿ. ಅದರಲ್ಲಿ ದಿನಾಂಕವೇ ಇಲ್ಲ. ಹೇಳಿದ ಜಾಗ ನಾಲ್ಕು ದೇಶಗಳಷ್ಟು ದೊಡ್ಡದು. ಅಲ್ಲಿ ದೊಡ್ಡ ಭೂಕಂಪ ಆಗಬಹುದು ಎಂಬುದು ಭೂಗರ್ಭ ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಹೂಗರ್‌ಬೀಟ್ಸ್ ಲೆಕ್ಕ ಹಾಕುವುದು ಗ್ರಹಗಳ ಜೋಡಣೆ ನೋಡಿ. ಗ್ರಹಗಳ ಸ್ಥಾನಕ್ಕೂ ಭೂಕಂಪಕ್ಕೂ ಇಂಥ ನಂಟಿದೆ ಎಂಬುದನ್ನು ವಿಜ್ಞಾನಿಗಳು ಒಪ್ಪುವುದಿಲ್ಲ.

ಜಗತ್ತಿನಲ್ಲಿ ವರ್ಷಕ್ಕೆ ಸರಾಸರಿ 15ರಷ್ಟು ಭೂಕಂಪಗಳು 7 ಅಥವಾ ಅದಕ್ಕಿಂತ ಹೆಚ್ಚು ತೀವ್ರತೆ ಹೊಂದಿರುತ್ತವೆ. ತೀವ್ರತೆ 5 ದಾಟುವಂಥವು ಸಾವಿರಕ್ಕೂ ಹೆಚ್ಚು. 'ಏಷ್ಯಾದಲ್ಲಿ ಸದ್ಯದಲ್ಲೇ ಭೂಕಂಪ' ಎಂದು ಯಾರು ಹೇಳಿದರೂ ನಿಜವಾಗುತ್ತದೆ. ಸುಳ್ಳಾದ ಹತ್ತು ಭವಿಷ್ಯ ಮರೆತುಹೋಗುತ್ತದೆ, ತಾಳೆಯಾದ ಒಂದು ವೈರಲ್ ಆಗುತ್ತದೆ.

ಇಟಲಿಯಲ್ಲಿ ಆಗಿದ್ದೇನು?

ಊಹೆ ಹತ್ತಿರಕ್ಕೆ ಬಂದರೂ ಅಪಾಯವೇ. 2009ರಲ್ಲಿ ಇಟಲಿಯ ಲ್ಯಾಬ್ ಟೆಕ್ನಿಷಿಯನ್ ಜಾಂಪಾವ್ಲೊ ಜೂಲಿಯಾನಿ, ನೆಲದಿಂದ ಹೊಮ್ಮುವ ರೇಡಾನ್ ಅನಿಲವನ್ನು ಅಳೆದು ಸುಲ್ಮೋನಾ ಪಟ್ಟಣಕ್ಕೆ ಭೂಕಂಪದ ಎಚ್ಚರಿಕೆ ಕೊಟ್ಟಿದ್ದರು. ಅಲ್ಲಿ ಏನೂ ಆಗಲಿಲ್ಲ. ಸುಮಾರು ಒಂದು ವಾರದ ನಂತರ, ಏಪ್ರಿಲ್ 6ರಂದು ಲಾಕ್ವಿಲಾ ನಗರದಲ್ಲಿ ಭೂಕಂಪವಾಗಿ 300ಕ್ಕೂ ಹೆಚ್ಚು ಜನ ಸತ್ತರು. ಸುಲ್ಮೋನಾದ ಜನರನ್ನು ಅಂದು ಲಾಕ್ವಿಲಾಗೆ ಸಾಗಿಸಿದ್ದರೆ? ಯೋಚಿಸಿದರೇ ಮೈ ಜುಮ್ಮೆನ್ನುತ್ತದೆ.

ಫೋನಿಗೆ ಬರುವ ಅಲರ್ಟ್ ಏನು?

ಅದು ಭವಿಷ್ಯವಲ್ಲ. ಭೂಕಂಪ ಶುರುವಾದ ಮೇಲೆ ಬರುವ ಎಚ್ಚರಿಕೆ. ನೆಲದೊಳಗಿನಿಂದ ಮೊದಲು ಬಂದು ತಲುಪುವ 'ಪಿ' ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಹೆಚ್ಚು ಹಾನಿ ಮಾಡುವ 'ಎಸ್' ಅಲೆಯ ವೇಗ ಸುಮಾರು 3.5 ಕಿ.ಮೀ. ಮೊದಲ ಅಲೆಯನ್ನು ಗುರುತಿಸಿ ಮೊಬೈಲಿಗೆ ಸಂದೇಶ ಕಳಿಸಿದರೆ, ದೂರದಲ್ಲಿರುವವರಿಗೆ ಕೆಲವು ಸೆಕೆಂಡು ಸಿಗುತ್ತದೆ. ಭಾರತದ ಆಂಡ್ರಾಯ್ಡ್ ಫೋನ್‌ಗಳಿಗೆ ಗೂಗಲ್ ಈ ಸೌಲಭ್ಯ ಕೊಟ್ಟಿದ್ದು 2023ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ ಆನ್ ಇದೆಯಾ ನೋಡಿಕೊಳ್ಳಿ.

ಕೊಲ್ಲುವುದು ಕಟ್ಟಡ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾಯಿತು. ನಡುಕ ನಮ್ಮ ಕಲಬುರಗಿ, ಬೀದರ್‌ಗೂ ತಟ್ಟಿತ್ತು. ಸುಮಾರು 10 ಸಾವಿರ ಜನ ಸತ್ತರು. ಆಗಿನ ನಕ್ಷೆಯಲ್ಲಿ ಆ ಜಾಗ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು! ಮಣ್ಣಿನ ಗಾರೆಯ ದಪ್ಪ ಕಲ್ಲಿನ ಗೋಡೆಗಳು ಮಲಗಿದ್ದವರ ಮೇಲೆ ಕುಸಿದಿದ್ದವು. ಅದಕ್ಕೂ ನಾಲ್ಕು ವರ್ಷ ಮೊದಲು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆದ 6.9 ತೀವ್ರತೆಯ ಭೂಕಂಪಕ್ಕೆ ಬಲಿಯಾದವರು 63 ಮಂದಿ. ಎರಡೂ ಕಡೆ ಯಾರೂ ನಿಖರವಾಗಿ ಭವಿಷ್ಯ ಹೇಳಿರಲಿಲ್ಲ. ವ್ಯತ್ಯಾಸ ಇದ್ದಿದ್ದು ಮುಖ್ಯವಾಗಿ ಕಟ್ಟಡಗಳಲ್ಲಿ.

2002ರ ನಕ್ಷೆಯಲ್ಲಿ ದೆಹಲಿ 4ನೇ ವಲಯದಲ್ಲಿದೆ. ಮುಂಬೈ, ಪುಣೆ, ಚೆನ್ನೈ 3ನೇ ವಲಯ, ಹೈದರಾಬಾದ್ ಮತ್ತು ಬೆಂಗಳೂರು 2ನೇ ವಲಯ. ಅಂದರೆ ಯಾವ ಊರೂ ಪೂರ್ತಿ ಸುರಕ್ಷಿತವಲ್ಲ.

ನೀವು ಮಾಡಬೇಕಾದ್ದೇನು?

* ಫ್ಲ್ಯಾಟ್ ಕೊಳ್ಳುವ ಮುನ್ನ ಕಟ್ಟಡದ ವಿನ್ಯಾಸ ಭೂಕಂಪ ನಿರೋಧಕವೇ ಎಂದು ಬಿಲ್ಡರ್‌ಗೆ ಕೇಳಿ, ದಾಖಲೆ ನೋಡಿ. ಕೆಳಗೆ ಪಾರ್ಕಿಂಗ್‌ಗಾಗಿ ಬರೀ ಕಂಬಗಳಿದ್ದರೆ ಎಂಜಿನಿಯರ್‌ಗೆ ತೋರಿಸಿ. 2001ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ದೂರದ ಅಹಮದಾಬಾದ್‌ನಲ್ಲಿ ಇಂಥ ಅಪಾರ್ಟ್‌ಮೆಂಟ್‌ಗಳು ಕುಸಿದಿದ್ದವು.
* ಬೀರು, ಪುಸ್ತಕದ ಕಪಾಟನ್ನು ಗೋಡೆಗೆ ಬಿಗಿಯಿರಿ. ಮಂಚದ ತಲೆಭಾಗದ ಮೇಲೆ ಭಾರದ ವಸ್ತು ಇಡಬೇಡಿ.
* ನೆಲ ನಡುಗಿದಾಗ ಬಗ್ಗಿ, ಗಟ್ಟಿ ಟೇಬಲ್ ಕೆಳಗೆ ಸೇರಿ, ಅದನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಲಿಫ್ಟ್ ಬೇಡ, ಮೆಟ್ಟಿಲ ಕಡೆ ಓಡುವುದೂ ಬೇಡ.
* ನಡುಕ ನಿಂತ ಮೇಲೆ ಗ್ಯಾಸ್ ಮತ್ತು ಮೇನ್ ಸ್ವಿಚ್ ಆಫ್ ಮಾಡಿ, ಬಯಲಿಗೆ ಬನ್ನಿ.
* ನೀರು, ಟಾರ್ಚ್, ಔಷಧ, ಮುಖ್ಯ ದಾಖಲೆಗಳ ಬ್ಯಾಗ್ ಬಾಗಿಲ ಬಳಿ ಇರಲಿ.

ದಿನಾಂಕ, ಜಾಗ, ತೀವ್ರತೆ ಮೂರನ್ನೂ ನಿಖರವಾಗಿ ಹೇಳಿ ದೊಡ್ಡ ಭೂಕಂಪವನ್ನು ಮೊದಲೇ ತಿಳಿಸಿದ ವಿಜ್ಞಾನಿ ಈವರೆಗೆ ಒಬ್ಬರೂ ಇಲ್ಲ ಎನ್ನುತ್ತದೆ ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆ. ಹಾಗಾಗಿ ಮುಂದಿನ ಸಲ ಮೆಸೇಜ್ ಬಂದಾಗ ಫಾರ್ವರ್ಡ್ ಮಾಡಬೇಡಿ. ಎದ್ದು ಹೋಗಿ ಬೀರು ಗೋಡೆಗೆ ಬಿಗಿದಿದೆಯಾ ನೋಡಿ. ಊರಿಂದ ಅಮ್ಮ ಫೋನ್ ಮಾಡಿದರೆ, ಅವರಿಗೂ ಅದನ್ನೇ ಹೇಳಿ.